ನೋಡುವ ಕಣ್ಣಿನ ಮುಪ್ಪು: ಶೇಕ್ಸ್‌ಪಿಯರನ ಎಪ್ಪತ್ತಮೂರನೆಯ ಸುನೀತವನ್ನು ಕನ್ನಡದಲ್ಲಿ ಓದುವ ಬಗೆ

ಇಂಗ್ಲಿಷ್ ಕಾವ್ಯದಲ್ಲಿ ಯೌವನದ ಅಳಿವು ಮತ್ತು ಮರಣದ ಪ್ರಸ್ತಾಪ ಬಂದಾಗಲೆಲ್ಲ ಶೇಕ್ಸ್‌ಪಿಯರನ ಎಪ್ಪತ್ತಮೂರನೆಯ ಸುನೀತದ ಮಾತು ಬಂದೇ ಬರುತ್ತದೆ. ಎಲೆಯುದುರಿದ ಮರ, ಸೂರ್ಯ ಮುಳುಗಿದ ಮೇಲಿನ ಪಡುವಣ ಬಾನು, ಬೂದಿಯ ಮೇಲೆ ಮಿನುಗುವ ಕೆಂಡ, ಈ ಮೂರು ಚಿತ್ರಗಳನ್ನು ಗುರುತಿಸಿ, ಮೂರನ್ನೂ ಮುಪ್ಪಿನ ರೂಪಕಗಳೆಂದು ವಿವರಿಸಿ, ಕೊನೆಯ ದ್ವಿಪದಿಯನ್ನು ಬಾಳಿನ ಅನಿತ್ಯತೆಯ ತಾತ್ಪರ್ಯಕ್ಕೆ ಕೂಡಿಸಿದರೆ ಪಾಠ ಮುಗಿಯಿತೆಂದು ಭಾವಿಸುವುದು ರೂಢಿ. ಈ ವಿವರಣೆ ಸುಳ್ಳಲ್ಲ. ಆದರೆ ಇದು ಕವಿತೆಯನ್ನು ಅರ್ಧದಾರಿಯಲ್ಲಿ ಕೈಬಿಡುತ್ತದೆ. ಅನಿತ್ಯತೆಯನ್ನು ಕುರಿತ ಕವಿತೆಗಳು ಎಲ್ಲ ಭಾಷೆಗಳಲ್ಲಿಯೂ ಹೇರಳವಾಗಿವೆ. ಅವುಗಳ ನಡುವೆ ಈ ಹದಿನಾಲ್ಕು ಸಾಲುಗಳು ನಾಲ್ಕು ಶತಮಾನ ದಾಟಿ ಏಕೆ ಉಳಿದವು ಎಂಬ ಪ್ರಶ್ನೆಗೆ ಈ ವಿವರಣೆಯಲ್ಲಿ ಉತ್ತರವಿಲ್ಲ. ಉತ್ತರವನ್ನು ರೂಪಕಗಳಿಗಿಂತ ಮಿಗಿಲಾಗಿ ಕವಿತೆಯ ವ್ಯಾಕರಣದಲ್ಲಿ ಹುಡುಕಬೇಕಾಗಿದೆ. ಹಾಗೆ ಹುಡುಕುವುದಕ್ಕೆ ಕನ್ನಡ ಭಾಷೆ ಒದಗಿಸುವ ಅನುಕೂಲಗಳು ಕಡಿಮೆಯವಲ್ಲ.

ಮೊದಲು ಕಾಲದ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಥಾಮಸ್ ಥಾರ್ಪ್ ಎಂಬ ಪ್ರಕಾಶಕನು ೧೫೪ ಸುನೀತಗಳ ಸಂಪುಟವನ್ನು ಹೊರತಂದದ್ದು ೧೬೦೯ರಲ್ಲಿ. ಆದರೆ ೧೫೯೮ರಲ್ಲಿಯೇ ಫ್ರಾನ್ಸಿಸ್ ಮೀರ್ಸ್ ಈ ಕವಿಯ ಸುನೀತಗಳು ಆಪ್ತ ಮಿತ್ರರ ವಲಯದಲ್ಲಿ ಓಡಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ೧೫೯೯ರ 'ದಿ ಪ್ಯಾಷನೇಟ್ ಪಿಲ್‌ಗ್ರಿಮ್' ಸಂಕಲನದಲ್ಲಿ ಅವುಗಳಲ್ಲಿ ಎರಡು ಅಚ್ಚಾಗಿದ್ದವು. ೧೫೬೪ರಲ್ಲಿ ಹುಟ್ಟಿದ ಕವಿಗೆ ಮೀರ್ಸ್ ಬರೆದಾಗ ಮೂವತ್ತನಾಲ್ಕು, ಸಂಪುಟ ಪ್ರಕಟವಾದಾಗ ನಲವತ್ತೈದು. ಈ ಅವಧಿಯ ಯಾವ ತುದಿಯನ್ನು ಹಿಡಿದರೂ ಕವಿತೆಯ ನಿರೂಪಕನನ್ನು ಹಾಸಿಗೆ ಹಿಡಿದ ವೃದ್ಧನೆಂದು ಕಲ್ಪಿಸುವುದಕ್ಕೆ ಕವಿಯ ಜೀವನಚರಿತ್ರೆ ಒಪ್ಪುವುದಿಲ್ಲ. ಯೂರೋಪಿನ ಸುನೀತ ಪರಂಪರೆಯಲ್ಲಿ ಹರೆಯದ ಕವಿಯು ಬಾಡಿದವನ ದನಿಯಲ್ಲಿ ಮಾತನಾಡುವುದು ಹೊಸದೂ ಅಲ್ಲ. ಇದೇ ಸಂಪುಟದ ಎರಡನೆಯ ಸುನೀತವು ನಲವತ್ತನ್ನೇ ರೂಪ ಕೆಡುವ ವಯಸ್ಸೆಂದು ಎಣಿಸುತ್ತದೆ ಎಂಬುದನ್ನೂ ಮರೆಯಬಾರದು. ಒಟ್ಟಿನಲ್ಲಿ, ಇಲ್ಲಿನ ಮುಪ್ಪು ವರ್ಷಗಳ ಲೆಕ್ಕದಿಂದ ಬಂದದ್ದಲ್ಲ. ಯಾರೊಡನೆ ಹೋಲಿಸಿ, ಯಾರ ಎದುರಿಗೆ ನಿಂತು ಎಣಿಸಲಾಗುತ್ತಿದೆ ಎಂಬುದರಿಂದ ಬಂದದ್ದು. ಮೊದಲ ನೂರಿಪ್ಪತ್ತಾರು ಸುನೀತಗಳು ಒಬ್ಬ ತರುಣನನ್ನು ಉದ್ದೇಶಿಸಿದವು ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿಚಾರ. ಆ ತರುಣನ ಎದುರಿಗೆ ನಿಂತಾಗಲೇ ನಿರೂಪಕನು ಮುದುಕನಾಗುತ್ತಾನೆ.

ಈ ಅಂಶ ಕವಿತೆಯ ವಾಕ್ಯರಚನೆಯಲ್ಲಿಯೇ ಅಡಗಿದೆ. ನಿರೂಪಕನು ಎಲ್ಲಿಯೂ ತನಗೆ ಮುಪ್ಪು ಬಂದಿದೆಯೆಂದು ನೇರವಾಗಿ ಹೇಳುವುದಿಲ್ಲ. ನೀನು ನನ್ನಲ್ಲಿ ಇಂಥ ಋತುವನ್ನು ಕಾಣಬಹುದು, ನೀನು ನನ್ನಲ್ಲಿ ಇಂಥ ಸಂಜೆಯನ್ನು ಕಾಣುತ್ತೀಯೆ, ನೀನು ನನ್ನಲ್ಲಿ ಇಂಥ ಬೆಂಕಿಯನ್ನು ಕಾಣುತ್ತೀಯೆ ಎಂಬ ಧಾಟಿಯಲ್ಲಿ ಮೂರು ಚೌಪದಿಗಳೂ ಕಟ್ಟಲ್ಪಟ್ಟಿವೆ. ಮೂರರಲ್ಲಿಯೂ ಕರ್ತೃಪದ 'ನೀನು'. ನಿರೂಪಕನು ನೋಟಕ್ಕೆ ಒಳಗಾಗುವ ಸ್ಥಳ ಮಾತ್ರ. ಮೊದಲ ಚೌಪದಿಯಲ್ಲಿ ಕಾಣುವ ಕ್ರಿಯೆ ಸಂಭಾವನೆಯ ರೂಪದಲ್ಲಿದೆ, ನಂತರದ ಎರಡರಲ್ಲಿ ಅದು ನಿಶ್ಚಯದ ರೂಪಕ್ಕೆ ತಿರುಗುತ್ತದೆ, ದ್ವಿಪದಿಯಲ್ಲಿ ಕಾಣುವುದು ಹೋಗಿ ಅರಿಯುವುದು ಬರುತ್ತದೆ. ಕಾಣಬಹುದಾದದ್ದು, ಕಾಣುತ್ತಿರುವುದು, ಅರಿತದ್ದು ಎಂಬ ಈ ಮೆಟ್ಟಿಲುಗಳೇ ಕವಿತೆಯ ನಿಜವಾದ ಚಲನೆ. ಇದೇ ಸಂಪುಟದ ೨೨ ಮತ್ತು ೬೨ನೆಯ ಸುನೀತಗಳಲ್ಲಿ ನಿರೂಪಕನ ವಯಸ್ಸಿನ ಮಾತನ್ನು ಎತ್ತುವುದು ಕನ್ನಡಿ. ಇಲ್ಲಿ ಕನ್ನಡಿಯಿಲ್ಲ. ಅದರ ಜಾಗದಲ್ಲಿ ಪ್ರೀತಿಸುವವನ ಕಣ್ಣಿದೆ. ಕನ್ನಡಿಯ ಮುಂದೆ ನಿಂತವನು ತನ್ನನ್ನು ತಾನೇ ನೋಡಿಕೊಂಡು ಮರುಗಬಹುದು. ಇನ್ನೊಬ್ಬರ ಕಣ್ಣಿನ ಮುಂದೆ ನಿಂತವನು ಆ ನೋಟಕ್ಕೆ ಉತ್ತರ ಕೊಡಬೇಕಾಗುತ್ತದೆ. ಈ ಸುನೀತ ಅಂಥದೊಂದು ಉತ್ತರ.

ಮೊದಲ ಚೌಪದಿಯ ಋತುಚಿತ್ರವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಮರದ ಕೊಂಬೆಯ ಮೇಲಿನ ಎಲೆಗಳನ್ನು ಕುರಿತು ಹೇಳುವಾಗ ಕವಿ ಹಳದಿ ಎಲೆಗಳೆಂದು ಆರಂಭಿಸಿ, ಒಂದೂ ಇಲ್ಲವೆಂದು, ಕೊನೆಗೆ ಕೆಲವು ಇವೆಯೆಂದು ಮುಗಿಸುತ್ತಾನೆ. ಪ್ರಕೃತಿಯ ಕ್ರಮದಲ್ಲಿ ಮೊದಲು ಎಲೆಗಳು ಹಳದಿಯಾಗಿ, ಬಳಿಕ ಕೆಲವಾಗಿ, ಕೊನೆಗೆ ಇಲ್ಲವಾಗುತ್ತವೆ. ಕವಿ ಆ ಕ್ರಮವನ್ನು ಮುರಿದಿರುವುದು ಪ್ರಾಸದ ಒತ್ತಾಯಕ್ಕಾಗಿ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಇದು ನೋಡುವ ಕಣ್ಣಿನ ಕ್ರಮ: ಮೊದಲ ನೋಟಕ್ಕೆ ಹಳದಿ, ಮರುನೋಟಕ್ಕೆ ಬರಿದು, ದಿಟ್ಟಿಸಿ ನೋಡಿದಾಗ ಇನ್ನೂ ಕೆಲವು ಉಳಿದಿರುವುದರ ಅರಿವು. ಪೂರ್ತಿ ಬೋಳಾಗದ ಮರವನ್ನು ಪೂರ್ತಿ ಬೋಳೆಂದು ತಿಳಿದು ಮತ್ತೆ ತಿದ್ದಿಕೊಳ್ಳುವ ಈ ಚಲನೆಯಲ್ಲಿ ಯೌವನದ ಅಳಿವನ್ನು ಅಳೆಯುವುದರ ಕಷ್ಟ ವ್ಯಕ್ತವಾಗಿದೆ.

ಹಕ್ಕಿಗಳು ಹಾಡುತ್ತಿದ್ದ ಕೊಂಬೆಗಳನ್ನು ಕವಿ ಪಾಳುಬಿದ್ದ ಇಗರ್ಜಿಯ ಗಾಯಕವೃಂದದ ಅಂಕಣಕ್ಕೆ ಹೋಲಿಸುತ್ತಾನೆ. ವಿಲಿಯಂ ಎಂಪ್ಸನ್ ೧೯೩೦ರ 'ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಯಿಟಿ' ಗ್ರಂಥದಲ್ಲಿ ಈ ಒಂದು ಹೋಲಿಕೆಯ ಹಿಂದೆ ಕೂಡಿಕೊಂಡಿರುವ ಅರ್ಥಗಳನ್ನು ಬಿಡಿಸಿ ತೋರಿಸಿದ್ದು ಪ್ರಸಿದ್ಧವಾಗಿದೆ. ಮರದ ಕೆತ್ತನೆಯ ಆಸನಗಳು, ಕಾಡಿನಂತೆ ಸುತ್ತುವರಿದ ಕಟ್ಟಡ, ಹಾಡುವ ಹುಡುಗರು, ಮಠಗಳ ನಾಶ, ಇವೆಲ್ಲವೂ ಅದರಲ್ಲಿ ಒಟ್ಟಾಗುತ್ತವೆ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ೧೫೩೬ರಿಂದ ೧೫೪೦ರವರೆಗೆ ಇಂಗ್ಲೆಂಡಿನ ಮಠಗಳು ಮುಚ್ಚಲ್ಪಟ್ಟವು. ಅವುಗಳ ಛಾವಣಿಯಿಲ್ಲದ ಗೋಡೆಗಳು ಶೇಕ್ಸ್‌ಪಿಯರನ ಕಾಲದ ಜನರಿಗೆ ನಿತ್ಯದ ನೋಟವಾಗಿದ್ದವು. ಆ ಹಾಡು ಋತು ತಿರುಗಿದರೆ ಮರಳುವಂಥದಲ್ಲ. ವಸಂತ ಬಂದರೆ ಮರ ಚಿಗುರುತ್ತದೆ, ಹಕ್ಕಿ ಹಾಡುತ್ತದೆ; ಮಠದ ಗಾಯನ ಮತ್ತೆ ಕೇಳಿಬರುವುದಿಲ್ಲ. ಪುನರಾವರ್ತನೆಯ ಭರವಸೆಯಿರುವ ಋತುಚಕ್ರದ ಒಳಗೆ ಚರಿತ್ರೆಯ ಬದಲಿಸಲಾಗದ ನಷ್ಟವೊಂದನ್ನು ಕವಿ ಹೀಗೆ ಸೇರಿಸಿಬಿಡುತ್ತಾನೆ.

ಈ ಚೌಪದಿಯನ್ನು ಕನ್ನಡಕ್ಕೆ ತರುವವರಿಗೆ ಎದುರಾಗುವ ಮೊದಲ ತೊಡಕು ಋತುವಿನ ಹೆಸರು. ನಿಘಂಟಿನ ಪ್ರಕಾರ 'ಆಟಮ್' ಎಂದರೆ ಶರತ್ಕಾಲ. ಆದರೆ ಭಾರತೀಯ ಕಾವ್ಯದಲ್ಲಿ ಶರತ್ತು ತಿಳಿಬಾನಿನ, ಬೆಳುದಿಂಗಳ, ತುಂಬಿ ತಿಳಿಯಾದ ಕೊಳಗಳ ಕಾಲ. ಕಾಳಿದಾಸನ 'ಋತುಸಂಹಾರ'ದಲ್ಲಿ ಅದು ನವವಧುವಿನಂತೆ ಪ್ರವೇಶಿಸುತ್ತದೆ. ಶರತ್ತೆಂಬ ಪದವನ್ನಿಟ್ಟರೆ ಕಾವ್ಯಪರಿಚಯವಿರುವ ಕನ್ನಡ ಓದುಗನ ಮನಸ್ಸಿನಲ್ಲಿ ಮುಪ್ಪಿನ ಬದಲು ಉಲ್ಲಾಸ ಮೂಡುತ್ತದೆ. ಎಲೆಯುದುರುವ ಶಿಶಿರವೆಂದರೆ ಭಾವ ಹತ್ತಿರವಾಗುತ್ತದೆ, ಆದರೆ ಶಿಶಿರದ ಬೆನ್ನಿಗೇ ವಸಂತ ನಿಂತಿರುವುದರಿಂದ ಮುಂದೆ ಬರಲಿರುವ ದೀರ್ಘವಾದ ಚಳಿಯ ಅಂಜಿಕೆ ಕಳೆದುಹೋಗುತ್ತದೆ. ಕವಿತೆಯಲ್ಲಿ ಋತುವಿನ ಹೆಸರೇ ಇಲ್ಲವೆಂಬುದು ಇಲ್ಲಿ ನೆರವಿಗೆ ಬರಬೇಕು. ಕವಿ 'ಆ ಕಾಲ' ಎಂದಷ್ಟೇ ಸೂಚಿಸಿ ಎಲೆ, ಕೊಂಬೆ, ಚಳಿಗಳ ಮೂಲಕ ಅದನ್ನು ಕಾಣಿಸುತ್ತಾನೆ. ಹೆಸರಿಡದೆ ಬಿಟ್ಟದ್ದಕ್ಕೆ ಅನುವಾದಕನೂ ವಿಮರ್ಶಕನೂ ಹೆಸರಿಡಬೇಕಾದ ಅಗತ್ಯವಿಲ್ಲ.

ಎರಡನೆಯ ಚೌಪದಿಯಲ್ಲಿ ಕಾಲದ ಅಳತೆ ವರ್ಷದಿಂದ ದಿನಕ್ಕೆ ಕುಗ್ಗುತ್ತದೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಉಳಿದ ಬೆಳಕನ್ನು ರಾತ್ರಿ ಸ್ವಲ್ಪಸ್ವಲ್ಪವಾಗಿ ಒಯ್ಯುತ್ತದೆ. ಆ ರಾತ್ರಿಯನ್ನು ಕವಿ ಮರಣದ ಪ್ರತಿರೂಪವೆಂದು ಕರೆದು ನಿದ್ರೆಯೊಡನೆ ಸೇರಿಸುತ್ತಾನೆ. ಮರಣವೆಂಬ ಪದ ಮೊದಲ ಬಾರಿಗೆ ಬರುವುದು ಇಲ್ಲಿ, ಅದೂ ನೇರವಾಗಿ ಅಲ್ಲ, ರಾತ್ರಿಯ ಬೆನ್ನ ಹಿಂದಿನಿಂದ. ರಾತ್ರಿಗೆ ಬೆಳಗು ಉಂಟು, ನಿದ್ರೆಗೆ ಎಚ್ಚರ ಉಂಟು. ಆದ್ದರಿಂದ ಈ ಚಿತ್ರದಲ್ಲಿಯೂ ಸಮಾಧಾನದ ಒಂದು ಎಳೆ ಉಳಿದುಕೊಂಡಿದೆ.

ಆ ಎಳೆ ಮೂರನೆಯ ಚೌಪದಿಯಲ್ಲಿ ಕಡಿದುಹೋಗುತ್ತದೆ. ಬೆಂಕಿಗೆ ಮರುಹುಟ್ಟಿನ ಚಕ್ರವಿಲ್ಲ. ಆರಿದ ಬೆಂಕಿ ಆರಿತು, ಮತ್ತೆ ಹೊತ್ತಿಸಿದರೆ ಅದು ಬೇರೆಯ ಬೆಂಕಿ. ವರ್ಷ, ದಿನ, ಕೆಲವು ಗಳಿಗೆ ಎಂದು ಕಾಲ ಕಿರಿದಾಗುತ್ತಾ ಬಂದಂತೆ ಮರಳುವಿಕೆಯ ಸಾಧ್ಯತೆಯೂ ಕಿರಿದಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವೂ ಇದೆ. ಮೊದಲ ಎರಡು ಚಿತ್ರಗಳಲ್ಲಿ ಕೆಡುಕು ಹೊರಗಿನದು: ಚಳಿ ಎಲೆಯನ್ನು ಕೆಡವುತ್ತದೆ, ರಾತ್ರಿ ಬೆಳಕನ್ನು ಕದ್ದೊಯ್ಯುತ್ತದೆ. ಮೂರನೆಯದರಲ್ಲಿ ಕಳ್ಳನೇ ಇಲ್ಲ. ಬೆಂಕಿ ಮಲಗಿರುವುದು ತನ್ನದೇ ಯೌವನದ ಬೂದಿಯ ಮೇಲೆ. ಯಾವುದು ಅದನ್ನು ಪೋಷಿಸಿತೋ ಅದರೊಡನೆಯೇ ಅದು ತೀರಿಹೋಗುತ್ತಿದೆ. ಸಾಕಿದ್ದೇ ನಂದಿಸುತ್ತದೆ ಎಂಬ ಈ ವಿಚಾರ ಆ ಕಾಲದ ಲಾಂಛನ ಸಾಹಿತ್ಯದಲ್ಲಿ ಪರಿಚಿತವಾದದ್ದು. ಸುನೀತಗಳ ಸಂಪುಟ ಬಂದ ೧೬೦೯ರಲ್ಲಿಯೇ ಮೊದಲ ಬಾರಿಗೆ ಅಚ್ಚಾದ 'ಪೆರಿಕ್ಲಿಸ್' ನಾಟಕದ ಎರಡನೆಯ ಅಂಕದಲ್ಲಿ ಒಬ್ಬ ಯೋಧನ ಗುರಾಣಿಯ ಮೇಲೆ ತಲೆಕೆಳಗಾದ ಪಂಜಿನ ಚಿತ್ರವಾಗಿ ಇದೇ ವಿಚಾರ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದು ಪ್ರಣಯದ ಚಮತ್ಕಾರದ ಮಾತು. ಸುನೀತದಲ್ಲಿ ಅದೇ ಲಾಂಛನ ಬದುಕಿನ ವ್ಯಾಖ್ಯೆಯಾಗುತ್ತದೆ: ಯೌವನವನ್ನು ಯಾರೂ ಅಪಹರಿಸಲಿಲ್ಲ, ಬದುಕುವುದರಲ್ಲಿಯೇ ಅದು ಖರ್ಚಾಯಿತು.

ಕೆಂಡ ಮತ್ತು ಬೂದಿ ಎಂದೊಡನೆ ಕನ್ನಡದ ಓದುಗನಿಗೆ ಚಿತೆಯ ನೆನಪಾಗುವುದು ಸಹಜ. ಶವವನ್ನು ಹೂಳುವ ಸಮಾಜದಲ್ಲಿ ಹುಟ್ಟಿದ ಈ ಚಿತ್ರದಲ್ಲಿ ಚಿತೆಯಿಲ್ಲ. ಇರುವುದು ಮನೆಯೊಳಗಿನ ಒಲೆಯ ಬೆಂಕಿ ಮತ್ತು ಮರಣಶಯ್ಯೆ. ಚಿತೆಯ ಸಾದೃಶ್ಯವನ್ನು ತಂದುಕೊಂಡರೆ ಬೆಂಕಿಯು ಸತ್ತ ದೇಹವನ್ನು ಸುಡುವ ಹೊರಗಿನ ಶಕ್ತಿಯಾಗಿಬಿಡುತ್ತದೆ. ಕವಿತೆಯಲ್ಲಿ ಬೆಂಕಿಯೇ ಜೀವ. ಈ ಒಂದು ಭೇದವನ್ನು ಕಾಯ್ದುಕೊಳ್ಳದಿದ್ದರೆ ಮೂರನೆಯ ಚೌಪದಿ ಮೊದಲೆರಡರ ಪುನರುಕ್ತಿಯಾಗಿ ತೋರುತ್ತದೆ.

ಇಷ್ಟರ ಬಳಿಕ ಬರುವ ದ್ವಿಪದಿಯನ್ನು ಸಾಮಾನ್ಯವಾಗಿ ಸಾಂತ್ವನವೆಂದು ಓದಲಾಗುತ್ತದೆ. ನೀನು ಇದನ್ನು ಅರಿತಿದ್ದೀಯೆ, ಆ ಅರಿವು ನಿನ್ನ ಪ್ರೀತಿಯನ್ನು ಬಲಗೊಳಿಸುತ್ತದೆ, ಬೇಗನೆ ಬಿಟ್ಟುಬಿಡಬೇಕಾದುದನ್ನು ಚೆನ್ನಾಗಿ ಪ್ರೀತಿಸುವಂತೆ ಮಾಡುತ್ತದೆ ಎಂಬುದು ಅದರ ಸಾರ. ಇಲ್ಲಿ ಎರಡು ಪದಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದು, 'ಬಿಡು' ಎಂಬ ಕ್ರಿಯಾಪದ. ಸಾಯುವವನು ಲೋಕವನ್ನು ಬಿಡುತ್ತಾನೆ, ಉಳಿದವನು ಅವನನ್ನು ಕಳೆದುಕೊಳ್ಳುತ್ತಾನೆ ಎಂಬುದು ಲೋಕದ ಮಾತು. ಕವಿತೆಯಲ್ಲಿ ಬಿಡುವವನು ತರುಣ. ಇನ್ನೊಂದು, 'ಅದು' ಎಂಬ ಸರ್ವನಾಮ. ನನ್ನನ್ನು ಪ್ರೀತಿಸು ಎಂದು ನಿರೂಪಕನು ಹೇಳಬಹುದಿತ್ತು. ಅವನು ಹೇಳುವುದು ಅದನ್ನು ಪ್ರೀತಿಸು ಎಂದು. ಆ 'ಅದು' ನಿರೂಪಕನ ಬದುಕು ಆಗಬಹುದು, ಅವರಿಬ್ಬರ ಸಂಬಂಧವೂ ಆಗಬಹುದು, ನೋಡುತ್ತಿರುವ ತರುಣನ ಸ್ವಂತ ಯೌವನವೂ ಆಗಬಹುದು. ಮೂರನೆಯ ಅರ್ಥ ಹೊಳೆದ ಗಳಿಗೆಯಲ್ಲಿ ಕವಿತೆಯ ದಿಕ್ಕೇ ತಿರುಗುತ್ತದೆ. ಇದುವರೆಗೆ ಇನ್ನೊಬ್ಬರ ಮುಪ್ಪನ್ನು ನೋಡುತ್ತಿದ್ದ ಕಣ್ಣು ತನ್ನ ಮುಪ್ಪನ್ನು ಮುಂಗಾಣಬೇಕಾಗುತ್ತದೆ. ಕನ್ನಡಿ ಇಲ್ಲವೆಂದುಕೊಂಡ ಕವಿತೆಯಲ್ಲಿ ನಿರೂಪಕನೇ ತರುಣನಿಗೆ ಕನ್ನಡಿಯಾಗುತ್ತಾನೆ.

ಈ ಸುನೀತ ಏನನ್ನು ಹೇಳುವುದಿಲ್ಲ ಎಂಬುದೂ ಅಷ್ಟೇ ಮಹತ್ವದ್ದು. ಮೊದಲ ಹದಿನೇಳು ಸುನೀತಗಳು ಅಳಿವಿಗೆ ಸಂತಾನವನ್ನು ಪರಿಹಾರವೆಂದು ಸೂಚಿಸುತ್ತವೆ. ೧೮, ೫೫, ೬೫ನೆಯ ಸುನೀತಗಳು ಕಾವ್ಯದ ಅಮರತ್ವವನ್ನು ಮುಂದಿಡುತ್ತವೆ. ಹಿಂದಿನ ೭೧ ಮತ್ತು ೭೨ನೆಯವು ತನ್ನನ್ನು ಮರೆತುಬಿಡು, ತನ್ನ ಗುಣಗಾನ ಬೇಡ ಎಂದು ಕೇಳಿಕೊಳ್ಳುತ್ತವೆ. ೭೩ರಲ್ಲಿ ಸಂತಾನವಿಲ್ಲ, ಕಾವ್ಯದ ಅಭಯವಿಲ್ಲ, ಪರಲೋಕವಿಲ್ಲ, ಮರೆವಿನ ಬೇಡಿಕೆಯೂ ಇಲ್ಲ. ಕಾವ್ಯದ ಅಭಯ ಮತ್ತೆ ಬರುವುದು ೭೪ರಲ್ಲಿ. ಆ ಸುನೀತ ಆರಂಭವಾಗುವುದೇ 'ಆದರೆ' ಎಂಬ ಅರ್ಥದ ಪದದಿಂದ. ಹಿಂದಿನದರಲ್ಲಿ ಸಮಾಧಾನ ಸಾಕಾಗಿರಲಿಲ್ಲವೆಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ೭೩ ಎಷ್ಟು ಕಡಿಮೆ ಆಸರೆಯ ಮೇಲೆ ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ.

ಕನ್ನಡದಲ್ಲಿ ಮುಪ್ಪಿನ ಅರಿವು ಬೇರೆಯೇ ದಾರಿಯಲ್ಲಿ ಸಾಗಿದೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಚಿಹ್ನೆಗಳು ದೇಹದಲ್ಲಿ ಒಂದೊಂದಾಗಿ ಮೂಡುವ ಮೊದಲೇ ಕೂಡಲಸಂಗಮದೇವನ ಪೂಜೆಗೆ ತೊಡಗೆಂದು ಎಚ್ಚರಿಸುತ್ತದೆ. ಅಲ್ಲಿಯೂ ಅವಸರವಿದೆ, ಅಲ್ಲಿಯೂ ಮಾತು 'ನೀನು' ಎಂಬ ಒಬ್ಬನಿಗೆ. ಆದರೆ ಆ ಅವಸರ ಅಳಿಯುವುದರಿಂದ ಅಳಿಯದುದರ ಕಡೆಗೆ ಮನಸ್ಸನ್ನು ತಿರುಗಿಸುತ್ತದೆ. ಸುನೀತದ ಅವಸರ ಅಳಿಯುವುದರ ಕಡೆಗೇ ತಿರುಗಿಸುತ್ತದೆ. ಅಳಿಯುತ್ತದೆ ಎಂಬ ಕಾರಣಕ್ಕೇ ಹೆಚ್ಚು ಪ್ರೀತಿಸು ಎಂಬ ನಿಲುವು ವೈರಾಗ್ಯಕ್ಕೆ ನೇರವಾಗಿ ಎದುರಾದದ್ದು. ಇವೆರಡರಲ್ಲಿ ಯಾವುದು ಮೇಲೆಂಬ ತೀರ್ಮಾನ ವಿಮರ್ಶೆಯ ಕೆಲಸವಲ್ಲ. ಆದರೆ ಎರಡನ್ನೂ 'ಬಾಳು ಅನಿತ್ಯ' ಎಂಬ ಒಂದೇ ತಲೆಬರಹದ ಕೆಳಗೆ ಹಾಕುವುದರಿಂದ ವಚನಕ್ಕೂ ಅನ್ಯಾಯ, ಸುನೀತಕ್ಕೂ ಅನ್ಯಾಯ.

ರಸದೃಷ್ಟಿಯಿಂದ ನೋಡಿದರೂ ಇದೇ ನಿರ್ಣಯಕ್ಕೆ ಬರಬೇಕಾಗುತ್ತದೆ. ಮರಣದ ಪ್ರಸ್ತಾಪವಿದೆಯೆಂದು ಕರುಣವೆನ್ನುವುದು, ಅನಿತ್ಯತೆಯ ಅರಿವಿದೆಯೆಂದು ಶಾಂತವೆನ್ನುವುದು ಸುಲಭ. ಶೋಕಕ್ಕೆ ಬೇಕಾದ ನಷ್ಟ ಇನ್ನೂ ಸಂಭವಿಸಿಲ್ಲ. ಶಮಕ್ಕೆ ಬೇಕಾದ ನಿವೃತ್ತಿ ಇಲ್ಲಿ ಎಲ್ಲಿಯೂ ಕಾಣದು. ಬಲಗೊಳ್ಳುತ್ತಿರುವುದು ಪ್ರೀತಿ. 'ದಶರೂಪಕ' ಮತ್ತು 'ಸಾಹಿತ್ಯದರ್ಪಣ'ಗಳು ಪ್ರವಾಸನಿಮಿತ್ತವಾದ ಅಗಲಿಕೆಯಲ್ಲಿ ಆಗಿಹೋದದ್ದು, ಆಗುತ್ತಿರುವುದು, ಆಗಲಿರುವುದು ಎಂಬ ಮೂರು ಬಗೆಗಳನ್ನು ಹೇಳುತ್ತವೆ. ಆಗಲಿರುವ ಅಗಲಿಕೆಯ ಮುನ್ನರಿವಿನಲ್ಲಿ ಪ್ರೀತಿ ತೀವ್ರವಾಗುವ ಆ ಭಾವಿ ವಿಪ್ರಲಂಭದ ನೆಲೆಯೇ ಈ ಸುನೀತಕ್ಕೆ ಹತ್ತಿರವಾದದ್ದು. ಶಾಸ್ತ್ರಕಾರರು ಈ ವಿಭಾಗವನ್ನು ಮಾಡಿದ್ದು ಇಂಥ ಕವಿತೆಗಾಗಿ ಅಲ್ಲ. ಹೊರಡುವವನು ಮರಳಿ ಬರುವ ನಿರೀಕ್ಷೆ ಅವರ ಲಕ್ಷಣದಲ್ಲಿ ಅಡಗಿದೆ. ಆದರೂ ಭಾರತೀಯ ಕಾವ್ಯಮೀಮಾಂಸೆ ಈ ಭಾವವನ್ನು ಹೆಸರಿಸಬಲ್ಲದು ಎಂಬುದು ಕಡಿಮೆ ಮಾತಲ್ಲ.

ದ್ವಿಪದಿಯ ಮಾತು ವಾಸ್ತವವೋ ಹಾರೈಕೆಯೋ ಎಂಬ ಆಕ್ಷೇಪವನ್ನು ಎದುರಿಸದೆ ಈ ಓದು ಪೂರ್ಣವಾಗದು. ತರುಣನು ಇಡೀ ಕವಿತೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅವನು ಕಾಣುತ್ತಾನೆ, ಅರಿಯುತ್ತಾನೆ, ಹೆಚ್ಚು ಪ್ರೀತಿಸುತ್ತಾನೆ ಎಂದು ಹೇಳುತ್ತಿರುವವನು ನಿರೂಪಕನೇ. ಬಾಡಿದ ಮುಖವನ್ನು ನೋಡಿ ತರುಣ ಮುಖ ತಿರುಗಿಸುವ ಸಾಧ್ಯತೆಯೂ ಉಂಟು; ಆ ಸಾಧ್ಯತೆಯ ಭಯವೇ ಈ ನಿಶ್ಚಯದ ದನಿಗೆ ಕಾರಣವಾಗಿರಬಹುದು. ಆದರೆ ಇದು ಕವಿತೆಯ ದೋಷವಲ್ಲ. ವಯಸ್ಸಾದವರು ಕಿರಿಯರ ಪ್ರೀತಿಯನ್ನು ಕುರಿತು ಮಾತನಾಡುವಾಗ ಹೇಳಿಕೆ ಮತ್ತು ಬೇಡಿಕೆಗಳ ನಡುವಿನ ಗೆರೆ ಅಳಿಸಿಹೋಗುವುದು ಲೋಕಾನುಭವ. ಹೇಳಿಕೆಯ ರೂಪದಲ್ಲಿ ಬೇಡಿಕೆಯನ್ನು ಮುಂದಿಡುವ ಆ ಮರ್ಯಾದೆಯೇ ಕವಿತೆಯನ್ನು ದೈನ್ಯದಿಂದ ಕಾಪಾಡಿದೆ.

ಇಷ್ಟೆಲ್ಲವನ್ನೂ ಕನ್ನಡದಲ್ಲಿ ಉಳಿಸಿಕೊಳ್ಳಬಹುದೇ ಎಂಬುದು ಕೊನೆಯ ಪ್ರಶ್ನೆ. 'ನನಗೆ ವಯಸ್ಸಾಯಿತು' ಎಂದು ಕನ್ನಡ ಹೇಳುತ್ತದೆ. ಅಲ್ಲಿ ಚತುರ್ಥೀ ವಿಭಕ್ತಿ ವಯಸ್ಸನ್ನು ಒಬ್ಬರಿಗೆ ಒದಗಿದ ಅನುಭವವಾಗಿಸುತ್ತದೆ. 'ನನ್ನಲ್ಲಿ ನೀನು ಕಾಣುತ್ತೀಯೆ' ಎಂದಾಗ ಸಪ್ತಮೀ ವಿಭಕ್ತಿ ಅದೇ ವಯಸ್ಸನ್ನು ಇಬ್ಬರ ನಡುವಿನ ಸಂಗತಿಯಾಗಿಸುತ್ತದೆ. ಎರಡನೆಯದನ್ನು ಮೊದಲನೆಯದಾಗಿ ಸರಳಗೊಳಿಸಿದ ಕೂಡಲೇ ಕವಿತೆ ಹಳಹಳಿಕೆಯಾಗುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಅಳಿದುಹೋಗಿರುವ ಏಕವಚನದ ಆಪ್ತ ಸಂಬೋಧನೆ ಕನ್ನಡದ 'ನೀನು' ಎಂಬುದರಲ್ಲಿ ಜೀವಂತವಾಗಿದೆ. ೭೧ ಮತ್ತು ೭೨ನೆಯ ಸುನೀತಗಳ ಸಂಬೋಧನೆ ೭೩ರಲ್ಲಿ ಈ ಆಪ್ತ ರೂಪಕ್ಕೆ ತಿರುಗುವುದನ್ನು ಕನ್ನಡ ಓದುಗ ಸುಲಭವಾಗಿ ಗ್ರಹಿಸಬಲ್ಲ. ದ್ವಿಪದಿಯ 'ಅದು' ಎಂಬುದನ್ನು 'ನನ್ನನ್ನು' ಎಂದು ಬಿಡಿಸಿ ಹೇಳದೆ ನಪುಂಸಕಲಿಂಗದಲ್ಲಿಯೇ ಇರಿಸುವುದಕ್ಕೂ ಅಡ್ಡಿಯಿಲ್ಲ. ಸುನೀತಕ್ಕೆ ಕನ್ನಡದಲ್ಲಿ ಬಳಕೆಯಾದ ಅಷ್ಟಷಟ್ಪದಿ ಎಂಬ ಹೆಸರು ಎಂಟು ಮತ್ತು ಆರರ ಇಟಲಿಯ ವಿಭಜನೆಯನ್ನು ಹೇಳುತ್ತದೆ. ನಾಲ್ಕು, ನಾಲ್ಕು, ನಾಲ್ಕು, ಎರಡರ ಈ ರಚನೆಗೆ ಅದು ಮೇಲ್ನೋಟಕ್ಕೆ ಹೊಂದದು. ಆದರೆ ಮರಳಿ ಬರುವ ವರ್ಷ ಮತ್ತು ದಿನಗಳು ಮೊದಲ ಎಂಟು ಸಾಲುಗಳಲ್ಲಿ, ಮರಳದ ಬೆಂಕಿ ಮತ್ತು ಬಿಡುವ ಮಾತು ಕೊನೆಯ ಆರರಲ್ಲಿ ಇರುವುದನ್ನು ಗಮನಿಸಿದರೆ, ಈ ಒಂದು ಸುನೀತಕ್ಕೆ ಆ ಹೆಸರು ಒಳಗಿನಿಂದ ಒಪ್ಪುತ್ತದೆ.

ತರಗತಿಯಲ್ಲಿ ಈ ಕವಿತೆಯನ್ನು ಕೇಳುವವರು ಬಹುಪಾಲು ಇಪ್ಪತ್ತರ ಆಸುಪಾಸಿನವರು. ಕವಿತೆಯ 'ನೀನು' ಎಂಬ ಸ್ಥಾನದಲ್ಲಿ ಕುಳಿತವರು. ಮುಪ್ಪು ದುಃಖಕರ, ಬಾಳು ಅನಿತ್ಯ ಎಂಬ ತಾತ್ಪರ್ಯವನ್ನು ಅವರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಪಾಠಕ್ಕೆ ಹೋಗಬಲ್ಲರು, ಏಕೆಂದರೆ ಅದು ಬೇರೆಯವರ ವಿಷಯ. ಕಾಣುವವನು ನೀನೇ, ಅರಿಯುವವನು ನೀನೇ, ಬಿಟ್ಟುಬಿಡಬೇಕಾದವನೂ ನೀನೇ ಎಂಬ ಕವಿತೆಯ ಮಾತನ್ನು ಹಾಗೆ ಬರೆದುಕೊಂಡು ಮುಂದೆ ಹೋಗುವುದು ಕಷ್ಟ. ಮನೆಯಲ್ಲಿ ಹಿರಿಯರ ಮುಖದ ಮೇಲೆ ಪ್ರತಿದಿನ ಬೀಳುವ ತಮ್ಮ ನೋಟಕ್ಕೆ ಒಂದು ಹೊಣೆಯಿದೆಯೆಂಬುದು ಆಗ ಅವರಿಗೆ ತಿಳಿಯುತ್ತದೆ. ಆ ತಿಳಿವಿಗೆ ಬೇಕಾದ ವಿಭಕ್ತಿ, ಸರ್ವನಾಮ, ಕ್ರಿಯಾಪದಗಳೆಲ್ಲವೂ ಕನ್ನಡದಲ್ಲಿ ಸಿದ್ಧವಾಗಿವೆ. ಅಧ್ಯಾಪಕರು ರೂಪಕಗಳ ಪಟ್ಟಿಯನ್ನು ಬದಿಗಿಟ್ಟು ಅವುಗಳಿಂದ ಪಾಠವನ್ನು ಆರಂಭಿಸಬೇಕು.